ಖಾಲಿ ಸೌಟು

ಸೀದ ಹಾಲಿನ ವಾಸನೆ. ಚಿಕ್ಕಂದಿನ ದಿನಗಳೆಂದರೆ ಕಿಡಿಗೆ ಮೊದಲು ನೆನಪಾಗುತ್ತಿದ್ದುದು ಅದೇ. ಅಪ್ಪ ಊಟದ ಮೇಜಿನ ತುದಿಯಲ್ಲಿ ಕೂತು ದನಿ ಏರಿಸುತ್ತಿದ್ದ. ಒಲೆಯ ಮುಂದಿದ್ದ ಅಮ್ಮ ಅತ್ತ ತಿರುಗಿದವಳು ನಿಂತಲ್ಲೇ ಕಲ್ಲಾಗುತ್ತಿದ್ದಳು. ಅವಳ ಬೆನ್ನ ಹಿಂದೆ ಹಾಲು ಉಕ್ಕಿ ಹರಿದು, ಪಾತ್ರೆಯ ತಳ ಹಿಡಿದು ಕಪ್ಪಾಗುತ್ತಿತ್ತು. ಕೈ ಚಾಚಿ ಒಲೆ ಆರಿಸುವಷ್ಟು ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಪ್ಪನ ಮನೆಯಲ್ಲಿ ಊಟ ಬಡಿಸುತ್ತಿದ್ದವನು ಅಪ್ಪನೇ. "ಎಂಥಾ ಒಳ್ಳೇ ಗಂಡ, ತಾನೇ ನಿಂತು ಬಡಿಸ್ತಾನೆ" ಎಂದು ಪಕ್ಕದ ಮನೆಯವರು ಹೊಗಳುತ್ತಿದ್ದರು. ಯಾರ ತಟ್ಟೆಗೆ ಎಷ್ಟು ಎನ್ನುವುದು ತನ್ನ ಕೈಯಲ್ಲೇ ಇರಲಿ ಎಂದು ಅವನು ಬಡಿಸುತ್ತಿದ್ದ. ಅದು ಒಳಗಿದ್ದವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಸಿಟ್ಟು ಬಂದ ದಿನ ಸೌಟನ್ನು ತಟ್ಟೆಯ ಮೇಲೆ ತಂದು, ಹಾಗೇ ಹಿಂದಕ್ಕೆ ತೆಗೆದು, "ನಿನಗಿವತ್ತಿಲ್ಲ" ಎನ್ನುತ್ತಿದ್ದ. ಒಮ್ಮೊಮ್ಮೆ ಅಮ್ಮನಿಗೆ, ಒಮ್ಮೊಮ್ಮೆ ಕಿಡಿಗೆ.

ಕಿಡಿ ಇನ್ನೂ ಅಕ್ಷರ ಕೂಡಿಸಿ ಓದುವುದನ್ನು ಕಲಿಯುತ್ತಿದ್ದಾಗ ಅಮ್ಮ ಅವಳನ್ನು ಕರೆದುಕೊಂಡು ಅಜ್ಜಿಯ ಮನೆಗೆ ಬಂದುಬಿಟ್ಟಳು. ಬಂದು ಒಂದು ಹೋಟೆಲಿನ ಬಟ್ಟೆ ತೊಳೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ದಿನವಿಡೀ ಹಾಸಿಗೆಯ ಬಿಳಿ ಚಾದರಗಳನ್ನು ಇಸ್ತ್ರಿ ಮಾಡುವುದು. ಮುಂಗೈ ಮೇಲೆ ಆವಿ ತಾಗಿದ ಕಂದು ಕಲೆಗಳು. ಸೀದ ಹಾಲು ಹಿಂದೆ ಉಳಿಯಿತು. ಸಿಟ್ಟು ಮಾತ್ರ ಮಗಳ ಜೊತೆಯಲ್ಲೇ ಬಂತು. ಶಾಲೆಯಲ್ಲಿ ಯಾರಾದರೂ ಸಾಲು ಮುರಿದು ಮುಂದೆ ನುಗ್ಗಿದರೆ ಸಾಕು, ಅವಳ ಕಣ್ಣು ಕೆಂಪಗಾಗುತ್ತಿತ್ತು. ಏಳನೆಯ ತರಗತಿಯ ಹೊತ್ತಿಗೆ ಮಾಸ್ತರುಗಳೂ ಅವಳನ್ನು ಕಿಡಿ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಹೆದರುವವರ ಸಾಲಿನಲ್ಲಿ ಇನ್ನೊಮ್ಮೆ ಕೂರಬಾರದು ಎಂದು ಅವಳು ಯಾವತ್ತೋ ತೀರ್ಮಾನಿಸಿಯಾಗಿತ್ತು. ಶಾಲೆಯ ವಿದ್ಯಾರ್ಥಿ ನಾಯಕಿಯ ಬ್ಯಾಡ್ಜು, ಕುತ್ತಿಗೆಯ ಕೆಳಗೆ ಹೊಳೆಯುವ ಆ ಹಿತ್ತಾಳೆಯ ತುಂಡು, ಅವಳಿಗೆ ಬೇಕಿದ್ದುದು ಅದಕ್ಕೇ. ಅದನ್ನು ಹಾಕಿಕೊಂಡವರಿಗೆ ಯಾರೂ "ನಿನಗಿಲ್ಲ" ಎನ್ನಲಾರರು ಎಂದು ಅವಳ ಲೆಕ್ಕ.

ಆ ವರ್ಷ ಬ್ಯಾಡ್ಜು ಯಾರಿಗೆ ಎಂದು ತೀರ್ಮಾನಿಸಲು ದೊಡ್ಡ ಮೇಡಂ ಹೊಸ ದಾರಿ ಹಿಡಿದರು. ರಜೆಯಲ್ಲಿ ಶಾಲೆಯ ಒಳಗೇ ಒಂದು ಶಿಬಿರ. ಮಕ್ಕಳು ತರಗತಿಗಳ ಬೆಂಚು ಸರಿಸಿ ಅಲ್ಲೇ ಮಲಗಬೇಕು. ಗೇಟಿನ ಮೇಲೆ ಕಟ್ಟಿದ ಬಟ್ಟೆಯಲ್ಲಿ 'ಹದಿಹರೆಯದವರಿಗೆ ಮನೋಬಲ ಮತ್ತು ನಾಯಕತ್ವ' ಎಂದು ಬರೆದಿತ್ತು. ನಡೆಸಿಕೊಡಲು ಹೊರಗಿನಿಂದ ಒಬ್ಬ ತರಬೇತುದಾರರು ಬಂದರು. ಗಟ್ಟಿ ಮೈಕಟ್ಟು, ಬೂಟು, ಕೊರಳಲ್ಲಿ ಕೆಂಪು ದಾರಕ್ಕೆ ಕಟ್ಟಿದ ಸೀಟಿ. ಅವರು ತಮ್ಮ ಹೆಸರು ಹೇಳಿಕೊಳ್ಳುವ ಮೊದಲೇ ಮಕ್ಕಳು ಅವರಿಗೆ ಸೀಟಿ ಸರ್ ಎಂದು ಹೆಸರಿಟ್ಟಾಗಿತ್ತು.

ಮೊದಲ ದಿನ ಮೈದಾನದಲ್ಲಿ ಸೀಟಿ ಸರ್ ಸಾಲಾಗಿ ನಿಂತಿದ್ದವರ ಮುಖಗಳನ್ನು ನೋಡುತ್ತ ಬಂದು ಕಿಡಿಯ ಎದುರು ನಿಂತರು.

"ಏನಮ್ಮಾ, ನನ್ನನ್ನ ತಿನ್ನೋ ಹಾಗೆ ನೋಡ್ತಿದೀಯ?"

"ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲಿಸ್ತೀರಿ ಅಂತ ನೋಡ್ತಿದೀನಿ ಸರ್."

ಸಾಲಿನಲ್ಲಿ ಕಿಸಕ್ಕೆಂಬ ನಗು. ಸೀಟಿ ಸರ್ ಬೈಯಲಿಲ್ಲ. "ನೋಡಿ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. "ಇದು ಸಿಟ್ಟಲ್ಲ. ಇದು ಕರೆಂಟು! ಇಷ್ಟು ದಿನ ಎಲ್ಲರೂ ನಿನಗೆ ಸಿಟ್ಟು ಕಡಿಮೆ ಮಾಡ್ಕೋ ಅಂದಿರ್ತಾರೆ, ಅಲ್ವಾ? ನಾನು ಹೇಳ್ತೀನಿ, ಜಾಸ್ತಿ ಮಾಡ್ಕೋ. ನಾಯಕ ಅಂದ್ರೆ ಹೀಗಿರ್ಬೇಕು."

ಯಾರೂ ಯಾವತ್ತೂ ಅವಳ ಸಿಟ್ಟನ್ನು ಹೊಗಳಿರಲಿಲ್ಲ. ಆ ಸಂಜೆ ಕಿಡಿಯ ಕಾಲು ನೆಲಕ್ಕೆ ತಾಗಲಿಲ್ಲ.

ಊಟದ ಹೊತ್ತಿಗೆ ಅವರು ಅವಳ ಕೈಗೆ ಒಂದು ಸೌಟು ಕೊಟ್ಟರು. ಪ್ರತಿ ತಂಡದ ನಾಯಕರಿಗೂ ಒಂದೊಂದು. ಉದ್ದ ಹಿಡಿಕೆಯ, ತುದಿಗೆ ಕೊಕ್ಕೆಯಿದ್ದ ಸ್ಟೀಲಿನ ಸೌಟು. ಶಿಬಿರದ ನಿಯಮ ಅದೇ: ತಂಡದ ಊಟವನ್ನು ನಾಯಕರೇ ಬಡಿಸಬೇಕು. ಆ ದಿನ ಮೈಮುರಿದು ದುಡಿದವರಿಗೆ ತುಂಬಿದ ಸೌಟು. ಅಷ್ಟಕ್ಕಷ್ಟೇ ಎನ್ನುವವರಿಗೆ ಅರ್ಧ. ತಂಡವನ್ನು ಹಿಂದಕ್ಕೆಳೆದವರಿಗೆ ಖಾಲಿ. ಖಾಲಿ ಎಂದರೆ ಸುಮ್ಮನೆ ಬಿಟ್ಟು ಮುಂದೆ ಹೋಗುವುದಲ್ಲ. ಖಾಲಿ ಸೌಟನ್ನು ತಟ್ಟೆಯ ಮೇಲೆ ತಂದು, ಮಗುಚಿ, ಅಂಚಿಗೆ ಒಮ್ಮೆ ಬಡಿಯಬೇಕು. ಟಣ್. ಸಭಾಂಗಣದಲ್ಲಿ ಕೂತ ಎಲ್ಲರಿಗೂ ಕೇಳಬೇಕು. ಆ ಹೊತ್ತಿಗೆ ಅವರಿಗೆ ಬ್ರೆಡ್ಡೂ ಇಲ್ಲ.

"ಹಸಿವು ಒಳ್ಳೇ ಮೇಷ್ಟ್ರು" ಎಂದರು ಸೀಟಿ ಸರ್. "ನಾಳೆ ಅವನೇ ಎಲ್ಲರಿಗಿಂತ ಮುಂದೆ ಓಡ್ತಾನೆ, ನೋಡ್ತಿರಿ."

ದೊಡ್ಡ ಮೇಡಂ ಏನೋ ಹೇಳಲು ಬಾಯಿ ತೆರೆದು, ಕನ್ನಡಕ ಒರೆಸಿಕೊಂಡು ಸುಮ್ಮನಾದರು.

ದಿನದ ಕೆಲಸವೆಂದರೆ ಹಲಗೆ ಓಟ. ಬಾಗಿಲಿನಷ್ಟು ದೊಡ್ಡ ಹಲಗೆ. ಅದರ ಮೇಲೆ ಬಾಯಿಯವರೆಗೂ ನೀರು ತುಂಬಿದ ಡ್ರಮ್ಮು. ತಂಡದವರೆಲ್ಲ ಸುತ್ತ ನಿಂತು ಹಲಗೆಯನ್ನು ಹೆಗಲಿಗೆ ಎತ್ತಿಕೊಂಡು, ಮೈದಾನದಾಚೆಯ ಬಾಸ್ಕೆಟ್‌ಬಾಲ್ ಕಂಬವನ್ನು ಬಳಸಿ ವಾಪಸು ಬರಬೇಕು. ಬೇಗ ಬರಬೇಕು, ನೀರೂ ಉಳಿದಿರಬೇಕು. ನಾಯಕರು ಹಲಗೆ ಹೊರುವಂತಿಲ್ಲ. ಪಕ್ಕದಲ್ಲಿ ಓಡುತ್ತ ಕೂಗಬೇಕು. ಕಿಡಿ ಚೆನ್ನಾಗಿ ಕೂಗುತ್ತಿದ್ದಳು.

ಅವಳ ತಂಡದಲ್ಲಿ ರೇಡಿಯೋ ಎಂಬ ಹುಡುಗನಿದ್ದ. ನಿದ್ದೆಯಲ್ಲೂ ಮಾತಾಡುವವನು. ಇನ್ನೊಬ್ಬಳು ಉದ್ದನೆಯ, ಬೆನ್ನು ಬಾಗಿಸಿ ನಡೆಯುವ ಹುಡುಗಿ. ಬೇರೆ ಶಾಲೆಯಿಂದ ಆ ವರ್ಷವಷ್ಟೇ ಬಂದವಳು. ಮೊದಲ ಓಟದಲ್ಲೇ ಅವಳ ಹೆಜ್ಜೆ ತಪ್ಪಿ, ಹಲಗೆ ವಾಲಿ, ಅರ್ಧ ನೀರು ರೇಡಿಯೋನ ತಲೆಯ ಮೇಲೆ ಬಿತ್ತು.

"ಸ್ನಾನ ಆಯ್ತು, ಇನ್ನು ಟವೆಲ್ ಕೊಡಿ" ಎಂದ ರೇಡಿಯೋ. ಎಲ್ಲರೂ ನಕ್ಕರು, ಸೀಟಿ ಸರ್ ಹೊರತು. "ಇವಳು ಆಮೆ" ಎಂದರು ಅವರು ಬೆರಳು ತೋರಿಸಿ. ಅಲ್ಲಿಂದಾಚೆ ಅವಳು ಆಮೆ.

ಆ ಸಂಜೆ ಆಮೆಯ ತಟ್ಟೆಗೆ ಅರ್ಧ ಸೌಟು ಬಿತ್ತು. ಮರುದಿನ ಮತ್ತೆ ನೀರು ಚೆಲ್ಲಿತು. ಅವತ್ತು ಖಾಲಿ. ಟಣ್ ಎಂದಾಗ ಆಮೆ ತಲೆ ತಗ್ಗಿಸಿ ತಟ್ಟೆಯಲ್ಲಿ ತನ್ನ ಮುಖ ನೋಡಿಕೊಂಡಳು. ಕಿಡಿಗೆ ಮರುಕ ಬರಲಿಲ್ಲ. ನಿಜ ಹೇಳಬೇಕೆಂದರೆ ಹಿತವಾಯಿತು. ಸಭಾಂಗಣವೆಲ್ಲ ತನ್ನ ಕೈಯನ್ನೇ ನೋಡುತ್ತಿದೆ, ಈ ಬಾರಿ ಸೌಟು ತನ್ನ ಕೈಲಿದೆ ಎನ್ನುವ ಹಿತ. ತಂಡದ ಉಳಿದವರು ಚುರುಕಾದರು. ಮೂರನೆಯ ಸ್ಥಾನದಿಂದ ಎರಡಕ್ಕೆ ಬಂದರು. ಸೀಟಿ ಸರ್ ಅವಳ ಬೆನ್ನು ತಟ್ಟಿ, "ಬ್ಯಾಡ್ಜು ನಿನ್ನ ಕುತ್ತಿಗೆ ಹುಡುಕ್ಕೊಂಡು ಬರ್ತಿದೆ" ಎಂದರು.

ಭಾನುವಾರ ಮನೆಯವರು ಬರಬಹುದಿತ್ತು. ಕಿಡಿಯ ಅಮ್ಮ ಕೆಲಸದ ನಡುವೆ ಅರ್ಧ ದಿನ ಬಿಡುವು ಕೇಳಿಕೊಂಡು, ಮಡಿಸಿದ ಬಟ್ಟೆಯ ಚೀಲ ಹಿಡಿದು ಬಂದಳು. ಇಸ್ತ್ರಿಯ ಗೆರೆ ಚಾಕುವಿನಂತೆ ನಿಂತಿತ್ತು. ಕಿತ್ತುಹೋಗಿದ್ದ ಗುಂಡಿಯ ಜಾಗದಲ್ಲಿ ಹೊಸ ಗುಂಡಿ. ಮಗಳು ಊಟ ಬಡಿಸುತ್ತಿದ್ದಾಳೆಂದು ಯಾರೋ ಹೇಳಿದರು. ಅಮ್ಮ ಸಭಾಂಗಣದ ಬಾಗಿಲಲ್ಲಿ ನಿಂತು ನೋಡಿದಳು. ತುಂಬಿದ ಸೌಟು, ತುಂಬಿದ ಸೌಟು, ಅರ್ಧ. ಆಮೆಯ ಮುಂದೆ ಬಂದಾಗ ಕಿಡಿ ಖಾಲಿ ಸೌಟು ಮಗುಚಿದಳು. ಟಣ್.

ಊಟ ಮುಗಿದ ಮೇಲೆ ಮೆಟ್ಟಿಲ ಬಳಿ ಕಿಡಿ ಹಿಗ್ಗಿ ಬಂದಳು. "ನೋಡಿದ್ಯಾ ಅಮ್ಮಾ? ನಾಯಕರಿಗೆ ಮಾತ್ರ ಸೌಟು!"

ಅಮ್ಮನ ಮುಖ ಬಿಳಿಚಿಕೊಂಡಿತ್ತು. "ನೋಡಿದೆ. ಸೌಟು ಹಿಡಿಯೋದು ಥೇಟ್ ನಿಮ್ಮಪ್ಪನ ಹಾಗೇ."

ಕಿಡಿಯ ಮೈಯೆಲ್ಲ ಉರಿಯಿತು. ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

"ಏನಂದೆ? ಇನ್ನೊಂದ್ಸಲ ಹೇಳು!"

"ಕೇಳಿಸಿದೆ ನಿನಗೆ."

"ಅವನ ಜೊತೆ ನನ್ನನ್ನ ಸೇರಿಸ್ಬೇಡ! ಇಲ್ಲಿ ನಿಯಮ ಇದೆ. ಕೆಲಸ ಮಾಡಿದ್ರೆ ಊಟ. ಅವನಿಗೆ ಯಾವ ನಿಯಮ ಇತ್ತು?"

"ಅವನಿಗೂ ಇತ್ತು ಕಣೇ. ದಿನಕ್ಕೊಂದು ಹೊಸದು."

"ಮತ್ತೆ ನೀನೇನು ಮಾಡ್ತಿದ್ದೆ?" ಕಿಡಿ ಕೂಗಿದಳು. ಮೈದಾನದಲ್ಲಿ ಮಾತಾಡುತ್ತ ಕೂತಿದ್ದ ಬೇರೆ ಮಕ್ಕಳ ಅಪ್ಪ ಅಮ್ಮಂದಿರು ತಿರುಗಿ ನೋಡಿದರು. "ಬಾಯಿಗೆ ಬೀಗ ಹಾಕ್ಕೊಂಡು ನಿಂತಿರ್ತಿದ್ದೆ! ಹಿಂದೆ ಹಾಲು ಸೀದು ಹೋಗ್ತಿದ್ರೂ ಕೈ ಎತ್ತಲಿಲ್ಲ ನೀನು! ನಾನು ನಿನ್ನ ಹಾಗಾಗಲ್ಲ. ಗೊತ್ತಾಯ್ತಾ? ಸತ್ರೂ ನಿನ್ನ ಹಾಗಾಗಲ್ಲ!"

ಅಮ್ಮ ಅಳುತ್ತಾಳೆಂದು ಅವಳು ಕಾದಳು. ಅಮ್ಮ ಅಳಲಿಲ್ಲ, ಅವಳ ದವಡೆಯೂ ಬಿಗಿದಿತ್ತು.

"ನನ್ನ ಹಾಗಾಗೋದು ಬೇಡ ಅಂತಾನೇ ಆ ಮನೆ ಬಿಟ್ಟು ಬಂದೆ. ನಾನು ಸುಮ್ಮನಿದ್ದೆ ಅಂತ ನೀನು ನನ್ನನ್ನ ಬೈತೀಯ. ಆ ಹುಡುಗಿ ಸುಮ್ಮನೆ ಕೂತಿದಾಳೆ ಅಂತ ಅವಳ ತಟ್ಟೆ ಬಡೀತೀಯ. ಯಾವುದು ತಪ್ಪು, ನೀನೇ ಹೇಳು. ನಾನು ಸುಮ್ಮನಿದ್ದದ್ದೋ, ಅವನು ಬಡಿದದ್ದೋ?"

ಉತ್ತರಕ್ಕೆ ಕಾಯದೆ ಚೀಲವನ್ನು ಮೆಟ್ಟಿಲ ಮೇಲಿಟ್ಟು ಅಮ್ಮ ಹೊರಟುಹೋದಳು. ಕಿಡಿ ಚೀಲವನ್ನು ಒದ್ದಳು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಉರುಳಿದ್ದ ಬಟ್ಟೆಗಳನ್ನು ಮಡಿಕೆ ಕೆಡದಂತೆ ಎತ್ತಿಕೊಂಡಳು. ತಳದಲ್ಲಿ ಅವಳದಲ್ಲದ ಒಂದು ಸ್ವೆಟರಿತ್ತು. ಉದ್ದ ತೋಳಿನದು, ಹಳೆಯದು, ಚೆನ್ನಾಗಿ ಒಗೆದದ್ದು. ತರಗತಿಯ ನೆಲ ತಣ್ಣಗಿರುತ್ತದೆ, ಯಾರಿಗಾದರೂ ಆದೀತು ಎಂದು ಅಮ್ಮ ಹಾಕಿದ್ದಿರಬೇಕು. ಅದನ್ನು ನೋಡಿ ಅವಳ ಸಿಟ್ಟು ಇನ್ನೂ ಹೆಚ್ಚಾಯಿತು.

ಆ ಸಂಜೆ ಅವಳು ಬೇಕೆಂದೇ ಆಮೆಯ ತಟ್ಟೆಯನ್ನು ಇನ್ನೂ ಜೋರಾಗಿ ಬಡಿದಳು. ಬಡಿದು ಬಂದು ತನ್ನ ಜಾಗದಲ್ಲಿ ಕೂತಳು. ಕೈ ತಪ್ಪಿ ಚಮಚ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಮೇಜಿನ ಕೆಳಗೆ ಕಣ್ಣು ಹಾಯಿಸಿ ಹಾಗೇ ಉಳಿದಳು.

ಮೇಜಿನ ಕೆಳಗೆ ಕೈಗಳು ಓಡಾಡುತ್ತಿದ್ದವು. ಆ ತುದಿಯ ಹುಡುಗಿ ಬ್ರೆಡ್ಡಿನ ಒಂದು ತುಂಡು ಮುರಿದು ಪಕ್ಕದವನ ಮೊಣಕಾಲ ಮೇಲಿಟ್ಟಳು. ಅವನು ತನ್ನದೊಂದು ತುಂಡು ಸೇರಿಸಿ ಮುಂದಕ್ಕೆ ದಾಟಿಸಿದ. ರೇಡಿಯೋ ಬೇಯಿಸಿದ ಆಲೂಗಡ್ಡೆಯೊಂದನ್ನು ಕರವಸ್ತ್ರದಲ್ಲಿ ಸುತ್ತಿ ಕೂಡಿಸಿದ. ಗಂಟು ಕೈಯಿಂದ ಕೈಗೆ ಸಾಗಿ ಆಮೆಯ ಮಡಿಲು ಸೇರಿತು. ಮೇಜಿನ ಮೇಲೆ ಅದೇ ಹೊತ್ತಿಗೆ ರೇಡಿಯೋ ಯಾವುದೋ ಕ್ರಿಕೆಟ್ ಪಂದ್ಯದ ಕಥೆಯನ್ನು ಗಟ್ಟಿಯಾಗಿ ಹೇಳುತ್ತಿದ್ದ. ಒಂದು ಕೈಯೂ ತಡವರಿಸಲಿಲ್ಲ. ಇದು ಇವತ್ತಿನ ಕೆಲಸವಲ್ಲ, ರೂಢಿಯಾದದ್ದು. ಹಲಗೆ ಹೊತ್ತಾಗ ಒಂದು ದಿನವೂ ಕೂಡಿಬರದ ಹೊಂದಿಕೆ ಈ ಮೇಜಿನ ಕೆಳಗಿತ್ತು.

ತಟ್ಟೆ ತೊಳೆಯುವ ನಲ್ಲಿಗಳ ಬಳಿ ಅವಳು ಅವರನ್ನು ಅಡ್ಡಗಟ್ಟಿದಳು.

"ಎಷ್ಟು ದಿನದಿಂದ ನಡೀತಿದೆ ಇದು?"

ಮೊದಲ ಬಾರಿಗೆ ರೇಡಿಯೋ ಕೂಡ ಬಂದ್ ಆಗಿತ್ತು.

"ನಾನು ನಿಮ್ಮ ನಾಯಕಿ! ನನಗೆ ಯಾಕೆ ಹೇಳಲಿಲ್ಲ?"

"ನಿನಗೆ ಹೇಳಿದ್ರೆ ನೀನು ಸೀಟಿಗೆ ಹೇಳ್ತಿದ್ದೆ" ಎಂದ ರೇಡಿಯೋ. ದನಿಯಲ್ಲಿ ತಮಾಷೆಯಿರಲಿಲ್ಲ. "ನಿನ್ನನ್ನ ಕಂಡ್ರೆ ನಮಗೆ ಭಯ ಕಣೇ. ಖುಷಿನಾ?"

ಕಿಡಿ ಕೈಯೆತ್ತಿದಳು. ಅವನು ಹಿಂದೆ ಸರಿಯಲಿಲ್ಲ. ಹಿಂದಿದ್ದ ಆಮೆ ಮುಂದೆ ಬಂದಳು. ಅವಳು ಮಾತಾಡಿದ್ದನ್ನು ಕಿಡಿ ಸರಿಯಾಗಿ ಕೇಳಿದ್ದೇ ಆವತ್ತು.

"ಅವನನ್ನ ಬೈಬೇಡ. ನಾನು ಬೇಡ ಅಂದೆ, ಅವರು ಕೇಳಲಿಲ್ಲ." ಆಮೇಲೆ ಹೇಳಿದಳು: "ಹಲಗೆ ಭಾರ ಅಲ್ಲ ನನಗೆ. ಮನೇಲಿ ನೀರಿನ ಕೊಡ ಎಲ್ಲ ನಾನೇ ಹೊರೋದು. ಮೊದಲ ದಿನ ಕಾಲಿಗೆ ಕಲ್ಲು ಸಿಕ್ತು. ಆಮೇಲೆ ಹೊಟ್ಟೆ ಖಾಲಿ ಇದ್ರೆ ಕಾಲು ನಡುಗತ್ತೆ, ಅಷ್ಟೇ."

ಅಷ್ಟೇ. ಮಗುವಿಗೂ ಅರ್ಥವಾಗುವ ಸಂಗತಿ. ಹಸಿದವಳು ನಡುಗಿದಳು, ನಡುಗಿದ್ದಕ್ಕೆ ನೀರು ಚೆಲ್ಲಿತು, ಚೆಲ್ಲಿದ್ದಕ್ಕೆ ಮತ್ತೆ ಹಸಿವು. ಇಷ್ಟು ದಿನ ಪಕ್ಕದಲ್ಲಿ ಓಡುತ್ತ ಗಂಟಲು ಹರಿಯುವಂತೆ ಕೂಗಿದವಳಿಗೆ ಇದು ಕಾಣಿಸಿರಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಕಿಡಿ ನಲ್ಲಿಯನ್ನು ಹಿಡಿದುಕೊಂಡಳು. ಸಿಟ್ಟು ಇತ್ತು, ಮೊದಲಿನಷ್ಟೇ ಇತ್ತು. ಆದರೆ ಅದು ಯಾರ ಕಡೆ ತಿರುಗಬೇಕು ಎನ್ನುವುದು ತಲೆಕೆಳಗಾಗಿತ್ತು.

ಮಲಗುವ ಮುನ್ನ ಅವಳು ಆ ಉದ್ದ ತೋಳಿನ ಸ್ವೆಟರನ್ನು ಆಮೆಯ ಹಾಸಿಗೆಯ ಮೇಲೆ ಎಸೆದಳು. ಮೆಲ್ಲಗೆ ಕೊಡುವುದು ಅವಳಿಗೆ ಬರುತ್ತಿರಲಿಲ್ಲ.

"ಇದೇನು?"

"ಕಣ್ಣು ಕಾಣಲ್ವಾ? ಸ್ವೆಟರು. ಏನಂತಾರೆ ನಿನ್ನ ಮನೇಲಿ?"

"ಚಿನ್ನು ಅಂತಾರೆ" ಎಂದಳು ಅವಳು ಹಿಂಜರಿದು.

"ಸರಿ. ಮಲಕ್ಕೋ."

ಬೆಳಿಗ್ಗೆ ಕಿಡಿ ನೇರವಾಗಿ ಸೀಟಿ ಸರ್ ಹತ್ತಿರ ಹೋದಳು. ಅವರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದರು.

"ಸರ್, ಊಟದ ನಿಯಮ ತೆಗೀರಿ."

"ಯಾಕೆ, ನಾಯಕಿಗೆ ಕರುಳು ಚುರುಕ್ಕಂತಾ?"

"ಹಸಿದವರು ಓಡೋದಿಲ್ಲ ಸರ್. ನಡುಗ್ತಾರೆ."

ಸೀಟಿ ಸರ್ ನಕ್ಕರು. ಕೆಟ್ಟ ನಗುವಲ್ಲ, ದಣಿದ ನಗು. "ನೋಡು ಮಗೂ, ನಾನು ನಿನ್ನ ವಯಸ್ಸಲ್ಲಿ ಎಷ್ಟೋ ದಿನ ನೀರು ಕುಡಿದು ಮಲಗಿದೀನಿ. ಅದಕ್ಕೇ ಇವತ್ತು ಹೀಗೆ ನಿಂತಿದೀನಿ."

"ಅವತ್ತು ಯಾರೂ ನಿಮಗೆ ಒಂದು ತುತ್ತು ಕೊಡಲಿಲ್ವಾ ಸರ್?"

ಅವರ ಮುಖದಲ್ಲಿ ಏನೋ ಹಾದುಹೋಯಿತು. ಹಾದುಹೋಗಲು ಬಿಟ್ಟು ಸೀಟಿಯನ್ನು ಬಾಯಿಗಿಟ್ಟುಕೊಂಡು ಜೋರಾಗಿ ಊದಿದರು. ಆಮೇಲೆ ಹೇಳಿದರು: "ನಾಳೆ ಕೊನೇ ಓಟ. ಪ್ರತಿ ನಾಯಕನೂ ಬೇಕಾದ್ರೆ ಒಬ್ಬರನ್ನ ತಂಡದಿಂದ ಇಳಿಸಬಹುದು. ಆಮೆನ ಇಳಿಸು. ಗೆಲ್ತೀಯ. ಬ್ಯಾಡ್ಜು ನಿನ್ನದು. ಇಳಿಸದಿದ್ರೆ ಅದನ್ನ ಮರೆತುಬಿಡು. ಸೋತ ತಂಡಕ್ಕೆ ರಾತ್ರಿ ಊಟ ಇಲ್ಲ. ಎಲ್ಲರ ಅಪ್ಪ ಅಮ್ಮಂದಿರ ಎದುರಿಗೆ ನೀನೇ ಖಾಲಿ ಸೌಟು ಬಡೀಬೇಕು. ಯೋಚನೆ ಮಾಡು."

ಅವತ್ತು ಮಧ್ಯಾಹ್ನವೂ ರಾತ್ರಿಯೂ ಕಿಡಿ ತನ್ನ ತಂಡದ ಎಲ್ಲರಿಗೂ ತುಂಬಿದ ಸೌಟು ಹಾಕಿದಳು. ಚಿನ್ನುವಿನ ತಟ್ಟೆಗೆ ಮೊದಲು. ಸೀಟಿ ಸರ್ ದೂರದಿಂದ ನೋಡಿದರು, ತಡೆಯಲಿಲ್ಲ. ರೇಡಿಯೋ ತಟ್ಟೆಯನ್ನು ಮೂಗಿನ ಬಳಿ ಹಿಡಿದು, "ವಿಷ ಗಿಷ ಹಾಕಿಲ್ಲ ತಾನೇ?" ಎಂದ.

"ತಿನ್ನೋ ಮುಚ್ಕೊಂಡು" ಎಂದಳು ಕಿಡಿ. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವಳ ಮಾತಿಗೆ ಆ ಮೇಜಿನವರು ನಕ್ಕರು.

ಕೊನೆಯ ದಿನ ಉಳಿದ ನಾಯಕರೆಲ್ಲ ಒಬ್ಬೊಬ್ಬರನ್ನು ಇಳಿಸಿದರು. ತಂಡದಿಂದ ಇಳಿದ ಮಕ್ಕಳು ಗೋಡೆಯ ಪಕ್ಕ ನಿಂತು, ಎಲ್ಲೋ ದೂರದಲ್ಲಿ ಏನೋ ಇದೆ ಎಂಬಂತೆ ಅತ್ತ ನೋಡುತ್ತಿದ್ದರು. ಕಿಡಿ ಯಾರನ್ನೂ ಇಳಿಸಲಿಲ್ಲ. ಹೆಗಲು ಕೊಟ್ಟು ಹಲಗೆಯ ಕೆಳಗೆ ತಾನೂ ಹೊಕ್ಕಳು. ಸೀಟಿ ಸರ್ "ನಾಯಕಿ ಹೊರಗೆ! ನಾಯಕಿ ಹೊರಗೆ!" ಎಂದು ಕೂಗುತ್ತಲೇ ಇದ್ದರು. ಹಲಗೆಯ ಕೆಳಗಿನ ಕತ್ತಲಲ್ಲಿ ಮೊದಲ ಬಾರಿಗೆ ಅವಳಿಗೆ ಬೇರೆಯವರ ಉಸಿರು ಕೇಳಿಸಿತು. ನಡಿಗೆಯ ಲಯವನ್ನು ಚಿನ್ನು ಹೇಳುತ್ತ ಹೋದಳು, ಸಣ್ಣ ದನಿಯಲ್ಲಿ, ಎಡ, ಬಲ, ಎಡ, ಬಲ.

ಅವರು ಕೊನೆಯವರಾಗಿ ಬಂದರು. ದೂರ ದೂರ ಕೊನೆಯವರು. ಕಂಬ ಬಳಸುವಾಗ ನೀರೂ ಚೆಲ್ಲಿತು. ಪವಾಡವೇನೂ ನಡೆಯಲಿಲ್ಲ. ಹಲಗೆ ಇಳಿಸಿದಾಗ ಕಿಡಿಯ ಹೆಗಲಿನ ಚರ್ಮ ಸುಲಿದಿತ್ತು. ಅವಳಿಗೆ ಅಳು ಬಂತು, ಸೋತದ್ದಕ್ಕೇ ಬಂತು. ಸೋಲು ಸೋಲೇ. ಬ್ಯಾಡ್ಜು ಆ ಕ್ಷಣಕ್ಕೂ ಅವಳಿಗೆ ಬೇಕಿತ್ತು.

ಸಂಜೆ ಸಭಾಂಗಣ ತುಂಬಿತ್ತು. ಅಪ್ಪಂದಿರು, ಅಮ್ಮಂದಿರು, ಅಜ್ಜ ಅಜ್ಜಿಯರು. ವೇದಿಕೆಯ ಪಕ್ಕದ ಉದ್ದ ಮೇಜಿನಲ್ಲಿ ದೊಡ್ಡ ಮೇಡಂ, ಅವರ ಬಲಕ್ಕೆ ಸೀಟಿ ಸರ್. ಅವರ ಮುಂದೆ ಬಿಳಿಯ ಪಿಂಗಾಣಿ ತಟ್ಟೆಗಳು. ಕಿಡಿಯ ಅಮ್ಮ ಹಿಂದಿನ ಸಾಲಿನಲ್ಲಿ, ಕೆಲಸದ ಸಮವಸ್ತ್ರದಲ್ಲೇ ಬಂದು ಕೂತಿದ್ದಳು. ಗೆದ್ದ ತಂಡದ ನಾಯಕನ ಕೊರಳಿಗೆ ದೊಡ್ಡ ಮೇಡಂ ಬ್ಯಾಡ್ಜು ಹಾಕಿದರು. ಚಪ್ಪಾಳೆ. ಆಮೇಲೆ ಸೀಟಿ ಸರ್ ಮೈಕು ಹಿಡಿದರು.

"ಈಗ ನಮ್ಮ ಶಿಬಿರದ ಮುಖ್ಯ ಪಾಠ. ಸೋಲನ್ನ ಎದುರಿಸೋದು. ಸೋತ ತಂಡದ ನಾಯಕಿ ಬಂದು ತನ್ನವರಿಗೆ ತಾನೇ ಬಡಿಸ್ತಾಳೆ. ಖಾಲಿ ಸೌಟು!"

ಕೆಲವರು ಇದೇನೋ ಆಟವೆಂದುಕೊಂಡು ನಕ್ಕರು. ಕಿಡಿ ಎದ್ದಳು. ಗೋಡೆಗೆ ನೇತುಹಾಕಿದ್ದ ಸೌಟು ತೆಗೆದುಕೊಂಡಳು. ತನ್ನ ತಂಡದ ಮೇಜಿನ ಬಳಿಗೆ ಬಂದಳು. ಚಿನ್ನು ತಟ್ಟೆಯನ್ನು ತಾನಾಗಿಯೇ ಮುಂದಕ್ಕೆ ಸರಿಸಿದಳು, ಕಷ್ಟವಾಗದಿರಲಿ ನಿನಗೆ ಎನ್ನುವಂತೆ. ಅದೇ ಸಹಿಸಲಾಗಲಿಲ್ಲ ಕಿಡಿಗೆ. ಬೈದಿದ್ದರೆ, ಉಗಿದಿದ್ದರೆ ಸಹಿಸಬಹುದಿತ್ತು.

ಅವಳು ಆ ಮೇಜನ್ನು ದಾಟಿದಳು. ಮುಂದಿನದನ್ನೂ ದಾಟಿದಳು. ಸಭಾಂಗಣದ ಉದ್ದಕ್ಕೂ ನಡೆದು ಸೀಟಿ ಸರ್ ಎದುರಿಗೆ ನಿಂತಳು. ಖಾಲಿ ಸೌಟನ್ನು ಅವರ ಬಿಳಿ ತಟ್ಟೆಯ ಮೇಲೆ ತಂದು ಮಗುಚಿ ಬಡಿದಳು.

ಟಣ್.

ಪಿಂಗಾಣಿಯ ಅಂಚಿನ ಒಂದು ಚೂರು ಹಾರಿ ಹೋಯಿತು.

"ನಮ್ಮ ಹಲಗೆ ನೀವು ಒಂದು ದಿನಾನೂ ಹೊರಲಿಲ್ಲ ಸರ್" ಎಂದಳು. ದನಿ ಕೊನೆಯ ಸಾಲಿನವರೆಗೆ ಕೇಳಿಸಿತು. "ನಿನ್ನೆವರೆಗೆ ನಾನೂ ಹೊರಲಿಲ್ಲ. ಪಕ್ಕದಲ್ಲಿ ಓಡ್ತಾ ಕೂಗಿದೆ. ಹಸಿದವಳ ತಟ್ಟೆ ಬಡಿದೆ. ಅದನ್ನ ನಾಯಕತ್ವ ಅಂತ ಹೇಳಿಕೊಟ್ರಿ, ನಾನು ಬಾಯಿ ಬಿಟ್ಕೊಂಡು ಕಲಿತೆ. ನಮ್ಮನೇಲಿ ಇದನ್ನ ಮೊದಲೇ ಒಬ್ಬರು ಕಲಿಸಿದ್ರು. ಅದಕ್ಕೆ ಶಿಬಿರ ಬೇಕಿರಲಿಲ್ಲ!"

ಸೌಟನ್ನು ಅವರ ತಟ್ಟೆಯಲ್ಲೇ ಬಿಟ್ಟಳು.

ಗರಬಡಿದಂತೆ ಕೂತಿದ್ದ ಅಷ್ಟು ಜನರ ನಡುವೆ ಮೊದಲು ಬಂದದ್ದು ಒಂದು ವಾಸನೆ. ಅಡುಗೆಮನೆಯ ಬಾಗಿಲಲ್ಲಿ ಅಡುಗೆಯವರೆಲ್ಲ ಗುಂಪಾಗಿ ನಿಂತು ಇತ್ತಲೇ ನೋಡುತ್ತಿದ್ದರು. ಅವರ ಹಿಂದೆ ಒಲೆಯ ಮೇಲೆ ಮಕ್ಕಳ ಹಾಲು ಉಕ್ಕಿ ಸೀಯುತ್ತಿತ್ತು. ಕಿಡಿಯ ಕಾಲು ನೆಲಕ್ಕೆ ಅಂಟಿಕೊಂಡಿತು. ಮತ್ತೆ ಅದೇ ಮೇಜು, ಅದೇ ಮೌನ.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಮ್ಮ ಎದ್ದಿದ್ದಳು. ಯಾರ ಮುಖವನ್ನೂ ನೋಡದೆ, ಅವಸರವೂ ಇಲ್ಲದೆ, ಸಾಲುಗಳ ನಡುವೆ ನಡೆದು ಬಂದಳು. ಸೀಟಿ ಸರ್ ಮುಂದಿನಿಂದಲೇ ಹಾದು, ಅಡುಗೆಯವರನ್ನು ಸರಿಸಿಕೊಂಡು ಒಳಗೆ ಹೋದಳು. ಒಲೆ ಆರಿಸಿದ ಟಕ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು.

"ಹೊರಗೆ ನಡಿ" ಎಂದರು ದೊಡ್ಡ ಮೇಡಂ ಕಿಡಿಗೆ. ಸಿಟ್ಟಿನಲ್ಲೇ ಹೇಳಿದರು. ಆದರೆ ಹೇಳುತ್ತ ಅವರು ನೋಡುತ್ತಿದ್ದುದು ಆ ಒಡೆದ ತಟ್ಟೆಯನ್ನು.

ಕಿಡಿ ಹೊರಗೆ ಬಂದು ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತಳು. ಒಳಗೆ ಎತ್ತರದ ದನಿಗಳು. ಯಾರೋ ಅಪ್ಪ, "ನನ್ನ ಮಗನಿಗೂ ಊಟ ಕೊಡ್ಲಿಲ್ವಾ ಹಾಗಾದ್ರೆ?" ಎಂದು ಕೂಗಾಡುತ್ತಿದ್ದರು. ಇನ್ನಾರೋ, "ಮಕ್ಕಳಿಗೆ ಅಷ್ಟು ಸೊಕ್ಕು ಒಳ್ಳೇದಲ್ಲ" ಎನ್ನುತ್ತಿದ್ದರು. ಸೀಟಿ ಸರ್ ಏನು ಹೇಳಿದರೋ ಕೇಳಿಸಲಿಲ್ಲ. ಸಿಟ್ಟು ಇಳಿದಿರಲಿಲ್ಲ. ಅವರ ಮೇಲಿನದು ಅರ್ಧ, ತನ್ನ ಮೇಲಿನದು ಇನ್ನರ್ಧ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಹೊಟ್ಟೆ ಈಗ ನೆನಪಿಸಿತು.

ತಲೆಯ ಮೇಲೆ ಕಿಟಕಿಯ ಬಾಗಿಲು ಕಿರ್ರೆಂದಿತು. ಒಳಗೆ ರೇಡಿಯೋ ಎಂದಿಗಿಂತ ಗಟ್ಟಿಯಾಗಿ ಕ್ರಿಕೆಟ್ ಪಂದ್ಯದ ಕಥೆ ಶುರುಮಾಡಿದ್ದ. ಕಿಟಕಿಯ ಸರಳುಗಳ ಆಚೆ ಒಂದು ತಟ್ಟೆ, ಬೇರೆ ಬೇರೆ ಮೇಜಿನವರ ತುತ್ತು ಕೂಡಿ ತುಂಬಿದ್ದು, ಕೈಯಿಂದ ಕೈಗೆ ಬರುತ್ತಿತ್ತು. ಸರಳುಗಳ ನಡುವೆ ಅದು ಹಿಡಿಸಲಿಲ್ಲ. ತಟ್ಟೆ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಪಕ್ಕದ ಬಾಗಿಲಿನಿಂದ ಚಿನ್ನು ಬಂದಳು. ಆ ಸ್ವೆಟರಿನ ಉದ್ದ ತೋಳುಗಳನ್ನು ಮಡಿಸಿಕೊಂಡು, ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ, ತನ್ನ ಎಂದಿನ ನಿಧಾನದಲ್ಲಿ. ಕಟ್ಟೆಯ ಬಳಿ ಬಂದು ನಿಂತಳು. ತಟ್ಟೆಯನ್ನು ಕಿಡಿಯ ಕೈಗಿಟ್ಟಳು.